ಬೆಡ್‌ಶೀಟಿನ ಕಾಲ್ದೆಸೆಗೆ ಜೇಬು, ತಲೆದೆಸೆಗೆ ಧಾರಾಳ ಬಟ್ಟೆ

ಬೆಡ್‌ಶೀಟ್ ನಿಲ್ಲುವುದೇ ಇಲ್ಲ, ಬೆಳಗಾಗುವಷ್ಟರಲ್ಲಿ ಮುದುರಿ ನಡುವಿಗೆ ಬಂದಿರುತ್ತೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಹಾಸಿಗೆ ಎಷ್ಟು ದಪ್ಪ ಅಂತ. ಉದ್ದ ಅಗಲ ಎಲ್ಲರಿಗೂ ಗೊತ್ತಿರುತ್ತೆ, ಆರಡಿಗೆ ಆರೂವರೆ ಅಂತ ಥಟ್ಟನೆ ಹೇಳುತ್ತಾರೆ. ದಪ್ಪ ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ತೊಂದರೆ ಇರುವುದು ಅಲ್ಲೇ.

ಹಿಂದೆ ನಮ್ಮ ಮನೆಗಳಲ್ಲಿ ಇದ್ದದ್ದು ಮೂರು ನಾಲ್ಕು ಇಂಚಿನ ಹತ್ತಿ ಹಾಸಿಗೆ. ಬೆಳಿಗ್ಗೆ ಎದ್ದು ಸುತ್ತಿ ಮೂಲೆಗೆ ಒರಗಿಸಿದರೆ ದುಪ್ಪಟಿ, ದಿಂಬು ಎಲ್ಲ ಅದರೊಳಗೇ. ಹಾಸಿಗೆ ಸರಿಮಾಡುವುದು ಅಂತ ಬೇರೆ ಕೆಲಸವೇ ಇರಲಿಲ್ಲ. ಆಮೇಲೆ ತೆಂಗಿನ ನಾರಿನದು ಬಂತು, ಈಗ ಫೋಮು, ಸ್ಪ್ರಿಂಗು. ಆರಿಂಚು, ಎಂಟಿಂಚು, ಕೆಲವರ ಮನೆಯಲ್ಲಿ ಹತ್ತಿಂಚು. ಹಾಸಿಗೆ ಬೆಳೆಯಿತು, ಅಂಗಡಿಯ ಡಬಲ್ ಬೆಡ್‌ಶೀಟು ಮಾತ್ರ ಹೆಚ್ಚಾಗಿ 90 ಇಂಚಿಗೆ 100 ಇಂಚಿನಲ್ಲೇ ನಿಂತಿದೆ. ನೀವೇ ಲೆಕ್ಕ ಹಾಕಿ. ಹಾಸಿಗೆಯ ಅಗಲ 72 ಇಂಚು. ಎರಡು ಪಕ್ಕದ ದಪ್ಪ ಇಳಿಯುವುದಕ್ಕೆ ಎಂಟೆಂಟು, ಅಂದರೆ 16. ಒಟ್ಟು 88. ತೊಂಬತ್ತರಲ್ಲಿ ಉಳಿದದ್ದು ಎರಡಿಂಚು, ಒಂದೊಂದು ಪಕ್ಕಕ್ಕೆ ಒಂದೇ ಇಂಚು. ಒಂದಿಂಚು ಬಟ್ಟೆಯನ್ನು ಹಾಸಿಗೆ ಕೆಳಗೆ ಎಷ್ಟು ಸಿಕ್ಕಿಸಿದರೂ ಒಮ್ಮೆ ಮಗ್ಗುಲು ಬದಲಾಯಿಸಿದರೆ ಹೊರಗೆ. ಆರಿಂಚಿನ ಹಾಸಿಗೆಗಾದರೂ ಪಕ್ಕಕ್ಕೆ ಮೂರೇ ಇಂಚು ಸಿಗುತ್ತೆ. ಮಕ್ಕಳು ಒದ್ದಾಡಿದರು, ಮಲಗುವ ಕ್ರಮ ಸರಿಯಿಲ್ಲ ಅಂತ ಅವರನ್ನು ಬೈದು ಏನು ಬಂತು?

ಸಾಲದ್ದಕ್ಕೆ ಬಟ್ಟೆ ಕುಗ್ಗುತ್ತೆ. ಒಳ್ಳೆ ಹತ್ತಿ ಬಟ್ಟೆ ಮೊದಲೆರಡು ಒಗೆತಕ್ಕೆ ನೂರು ಇಂಚಿಗೆ ಮೂರರಿಂದ ಐದು ಇಂಚು ಒಳಗೆ ಹೋಗುವುದು ಮಾಮೂಲು. ಆ ಒಂದಿಂಚೂ ಅಲ್ಲಿಗೆ ಮುಗಿಯಿತು. ಹಾಗಾಗಿ ಆರಡಿ ಅಗಲದ ಮಂಚ ಇರುವವರು 108ಕ್ಕೆ 108 ಇಂಚಿನದನ್ನೇ ಕೇಳಿ ತನ್ನಿ. ಪ್ಯಾಕೆಟ್ಟಿನ ಮೇಲೆ ಕಿಂಗ್, ಕ್ವೀನ್ ಅಂತ ಬರೆದಿರುವುದನ್ನು ನಂಬಬೇಡಿ, ಅದು ಒಂದೊಂದು ಕಂಪನಿಗೆ ಒಂದೊಂದು ಥರ. ಇಂಚು ಓದಿ.

ಅಳತೆ ಸರಿಯಿದ್ದೂ ಜಾರಿದರೆ ಬಟ್ಟೆ ನೋಡಬೇಕು. ಮುಟ್ಟಿದರೆ ನುಣುಪಾಗಿ, ಮಿರಮಿರ ಮಿಂಚುವ ಸ್ಯಾಟಿನ್ ಥರದ್ದು, ಪಾಲಿಯೆಸ್ಟರ್ ಬೆರೆತದ್ದು ಅಂಗಡಿಯ ದೀಪಕ್ಕೆ ಚೆಂದ. ಈಗಿನ ಹಾಸಿಗೆಗಳ ಮೇಲ್ಬಟ್ಟೆಯೂ ನುಣುಪು. ನುಣುಪಿನ ಮೇಲೆ ನುಣುಪು ಹಾಸಿದರೆ ಯಾವುದು ತಾನೇ ನಿಲ್ಲುತ್ತೆ? ಹಾಳಾಗಬಾರದು ಅಂತ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚದೆ ಹಾಗೇ ಇಟ್ಟುಕೊಂಡು ಮಲಗುವವರೂ ಇದ್ದಾರೆ, ಅವರಿಗೆ ನಾನು ಏನೂ ಹೇಳುವುದಿಲ್ಲ. ಸಾದಾ ನೇಯ್ಗೆಯ ಹತ್ತಿ ಬಟ್ಟೆ, ಅದರ ಕೆಳಗೆ ಒಂದು ಹಳೆಯ ತೆಳು ಜಮಖಾನ ಅಥವಾ ಒಗೆದು ಒಗೆದು ಮೆತ್ತಗಾದ ದುಪ್ಪಟಿ, ಇಷ್ಟು ಹಾಸಿ ನೋಡಿ. ಹತ್ತಿ ಹತ್ತಿಯನ್ನು ಹಿಡಿದುಕೊಳ್ಳುತ್ತೆ, ಬೆವರೂ ಇಂಗುತ್ತೆ. ಖಾದಿಯಾದರೆ ಇನ್ನೂ ಒಳ್ಳೆಯದು. ನಂಜನಗೂಡು ತಾಲ್ಲೂಕಿನ ಬದನವಾಳಿಗೆ 1927ರಲ್ಲಿ ಗಾಂಧೀಜಿ ಬಂದಿದ್ದರು, ಅಲ್ಲಿಯ ಖಾದಿ ಕೇಂದ್ರದ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಕೈಯಲ್ಲಿ ನೂತ ನೂಲು ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಗಂಟು, ಅಲ್ಲಲ್ಲಿ ದಪ್ಪ. ಅದನ್ನು ಕೊರತೆ ಅಂತ ಅಂದುಕೊಂಡವರು ಖಾದಿಯನ್ನು ಹಾಸಿಗೆಗೆ ಹಾಸಿ ನೋಡಿಲ್ಲ. ಆ ಒರಟೇ ಹಾಸಿಗೆಯನ್ನು ಕಚ್ಚಿ ಹಿಡಿಯುವುದು.

ಕೈಮಗ್ಗದ ಬಟ್ಟೆಗೆ ಪನ್ನ, ಅಂದರೆ ಅಗಲ, ಚಿಕ್ಕದು, ಸಾಮಾನ್ಯವಾಗಿ 36 ರಿಂದ 45 ಇಂಚು. ಎರಡು ತುಂಡು ಜೋಡಿಸಲೇಬೇಕು. ದರ್ಜಿಗೆ ಕೊಟ್ಟರೆ ಸೀದಾ ನಡುವೆ ಒಂದು ಹೊಲಿಗೆ ಹಾಕಿ ಕೊಡುತ್ತಾರೆ, ಮೂರಡಿಯ ಸಿಂಗಲ್ ಮಂಚಕ್ಕೆ ಅದು ಬೆನ್ನಿಗೆ ಒತ್ತುತ್ತೆ. ಒಂದು ತುಂಡನ್ನು ಇಡಿಯಾಗಿ ನಡುವೆ ಇಟ್ಟು, ಇನ್ನೊಂದನ್ನು ಉದ್ದಕ್ಕೆ ಸೀಳಿ ಎರಡು ಪಕ್ಕಕ್ಕೆ ಜೋಡಿಸಲು ಹೇಳಿ. 36 ಇಂಚಿನ ಪನ್ನವಾದರೆ ಹೊಲಿಗೆ ಎರಡೂ ಸರಿಯಾಗಿ ಹಾಸಿಗೆಯ ಅಂಚಿನ ಹತ್ತಿರಕ್ಕೇ ಬಂದು ಕೂರುತ್ತೆ. ಹಾಸುವಾಗ ಹೊಲಿಗೆಯನ್ನು ಅಂಚಿಗೆ ಕೂರಿಸಿಬಿಟ್ಟರೆ ಶೀಟು ನೆಟ್ಟಗೆ ಬಿತ್ತು ಅಂತಲೇ ಅರ್ಥ. ಆ ಕಡೆ ಎಷ್ಟು ಇಳಿದಿದೆ, ಈ ಕಡೆ ಎಷ್ಟು ಅಂತ ಮಂಚ ಸುತ್ತುವ ಕೆಲಸವಿಲ್ಲ.

ಇನ್ನು ಎಲಾಸ್ಟಿಕ್ ಹಾಕಿದ ಶೀಟು. ಈಗ ಎಲ್ಲರ ಬಾಯಲ್ಲೂ ಅದೇ. ಕೆಟ್ಟದ್ದು ಅಂತ ಹೇಳಲಾರೆ, ಆದರೆ ನಮ್ಮ ಮನೆಗಳಿಗೆ ಪೂರ್ತಿ ಒಗ್ಗುವುದಿಲ್ಲ. ನಮ್ಮಲ್ಲಿ ಮಂಚ ಗೋಡೆಗೆ ತಾಗಿಸಿ ಹಾಕಿರುತ್ತೇವೆ. ಮೂರು ಮೂಲೆ ಹಾಕಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಪಟ್ ಅಂತ ಬಿಡುತ್ತೆ, ಗೋಡೆ ಸಂದಿಗೆ ಮತ್ತೆ ಕೈ ತೂರಿಸಬೇಕು. ಮಂಡಿ ನೋವಿನವರಿಗೆ ಇದು ಶಿಕ್ಷೆ. ಎರಡನೆಯದಾಗಿ ನಮ್ಮ ಬಿಸಿಲು. ತಾರಸಿ ಮೇಲೆ ಮಾರ್ಚ್ ಏಪ್ರಿಲ್ ಬಿಸಿಲಿಗೆ ದಿನವಿಡೀ ಒಣಗಿದ ಎಲಾಸ್ಟಿಕ್ ಬೇಗ ಸತ್ವ ಕಳೆದುಕೊಂಡು ಎಳೆದಲ್ಲೇ ನಿಲ್ಲುತ್ತೆ. ಬಟ್ಟೆ ಗಟ್ಟಿಯಾಗೇ ಇರುತ್ತೆ, ಅಂಚು ಮಾತ್ರ ಜೋತಾಡುತ್ತೆ.

ನಾನು ಹೊಲಿಸುವುದು ಬೇರೆ ಥರ. ಕಾಲ್ದೆಸೆಯ ಎರಡು ಮೂಲೆಗೆ ಮಾತ್ರ ಹಾಸಿಗೆಯ ಮೂಲೆ ಒಳಗೆ ಕೂರುವಂಥ ಜೇಬು, ಎಲಾಸ್ಟಿಕ್ ಬದಲು ಲಾಡಿ, ತಲೆದೆಸೆ ಖುಲ್ಲಾ. ಮೈಸೂರಿನ ಶಿವರಾಂಪೇಟೆಯ ಕಡೆ ನಮಗೆ ಹೊಲಿದುಕೊಡುವ ದರ್ಜಿ ಮೊದಲ ಸಲ ಕೇಳಿ ನಕ್ಕರು. "ಏನಮ್ಮಾ, ಹಾಸಿಗೆಗೂ ಲಂಗದ ಲಾಡಿನಾ?" ಅಂದರು. "ಹೂಂ ಕಣಪ್ಪ, ಲಂಗ ನಿಲ್ಲೋದಾದ್ರೆ ಹಾಸಿಗೆ ನಿಲ್ಲಲ್ವಾ, ಹೊಲಿ" ಅಂದೆ.

ಅಳತೆ ಹೀಗೆ. ಹಾಸಿಗೆ 72ಕ್ಕೆ 78, ದಪ್ಪ ಆರಿಂಚು ಅಂತ ಇಟ್ಟುಕೊಳ್ಳಿ. ಪಕ್ಕಗಳಿಗೆ ದಪ್ಪ ಆರು, ಕೆಳಗೆ ಹೋಗಲು ಆರು, ಹನ್ನೆರಡಿಂಚಿನಂತೆ ಎರಡು ಕಡೆಗೆ 24. ಅಗಲ 96 ಆಯಿತು. ಕಾಲ್ದೆಸೆಗೂ ಹನ್ನೆರಡು. ತಲೆದೆಸೆಗೆ ಮಾತ್ರ ದಪ್ಪದ ಆರರ ಜೊತೆಗೆ ಇನ್ನೊಂದಡಿ, ಅಂದರೆ ಹದಿನೆಂಟು. ಉದ್ದ 108. ಅಂಚು ಮಡಿಚಲು ಸುತ್ತಲೂ ಒಂದೊಂದು ಇಂಚು ಸೇರಿಸಿದರೆ 98ಕ್ಕೆ 110. ದೊಡ್ಡ ಪನ್ನದ ಶೀಟಿಂಗ್ ಬಟ್ಟೆ 108 ಇಂಚಿನದು ಸಿಗುತ್ತೆ, ಮೂರು ಮೀಟರ್ ತಂದರೆ ಸಾಕು. ತಂದದ್ದನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಮುಟ್ಟಿಸಬೇಕು. ಕುಗ್ಗುವುದೆಲ್ಲ ಕುಗ್ಗಿ ಆದಮೇಲೂ ಪಕ್ಕದಲ್ಲಿ ನಾಲ್ಕೈದು ಇಂಚಿನ ಪಟ್ಟಿ ಮಿಗುತ್ತೆ, ಅದರಲ್ಲೇ ಲಾಡಿ.

ಮೂಲೆಯ ಜೇಬಿಗೆ ಬಟ್ಟೆ ಕತ್ತರಿಸಲು ಬಿಡಬೇಡಿ. ಮೂಲೆಯನ್ನು ಒಳಮೈ ಹೊರಗೆ ಬರುವ ಹಾಗೆ ಕರ್ಣಕ್ಕೆ ಮಡಿಚಿದರೆ ಎರಡು ಅಂಚೂ ಒಂದರ ಮೇಲೊಂದು ಕೂರುತ್ತೆ. ತುದಿಯಿಂದ ಹನ್ನೆರಡಿಂಚಿಗೆ ಗುರುತು ಮಾಡಿ, ಅಲ್ಲಿಂದ ಮಡಿಕೆಯವರೆಗೆ ಅಂಚಿಗೆ ಅಡ್ಡಲಾಗಿ ನೇರ ಹೊಲಿಗೆ. ಅದೂ ಹನ್ನೆರಡಿಂಚೇ ಬರುತ್ತೆ, ಬರದಿದ್ದರೆ ಮಡಿಕೆ ಓರೆಯಾಗಿದೆ ಅಂತ ಲೆಕ್ಕ. ಒಳಗೆ ಉಳಿದ ತ್ರಿಕೋನವನ್ನು ಹಾಗೇ ಒಂದು ಪಕ್ಕಕ್ಕೆ ಒತ್ತಿ ಹೊಲಿದರೆ ಮೂಲೆಗೆ ಬಲವೂ ಬಂತು, ನಾಳೆ ಹಾಸಿಗೆ ಬದಲಾದರೆ ಬಿಚ್ಚಿ ಹೊಸ ಅಳತೆಗೆ ಹೊಲಿಸಲೂ ಆಯಿತು. ಅಂಗಡಿಯಿಂದ ತಂದ ಶೀಟಿಗಾದರೆ ಈ ಲೆಕ್ಕವೂ ಬೇಡ. ಒಗೆದ ಮೇಲೆ ಹಾಸಿಗೆಯ ಮೇಲೇ ತಿರುವಿ ಹಾಸಿ, ತಲೆದೆಸೆಗೆ ಜಾಸ್ತಿ ಬಿಟ್ಟುಕೊಂಡು, ಕಾಲ್ದೆಸೆಯ ಮೂಲೆಗಳಲ್ಲಿ ಹೆಚ್ಚಾದ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಚಿವುಟಿ ಪಿನ್ನು ಚುಚ್ಚಿ, ಹಾಗೇ ಎತ್ತಿಕೊಂಡು ಹೋಗಿ ಕೊಡಿ.

ಲಾಡಿಗೆ ದಾರಿ ಕಾಲ್ದೆಸೆಯ ಅಂಚಲ್ಲಿ ಪೂರ್ತಿ, ಪಕ್ಕಗಳಲ್ಲಿ ಮೂಲೆಯಿಂದ ಎರಡಡಿ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಲಾಡಿ. ಎರಡರ ಪಕ್ಕದ ತುದಿಗಳನ್ನು ಅಲ್ಲೇ ಗಟ್ಟಿಯಾಗಿ ಹೊಲಿದುಬಿಡಬೇಕು, ಇಲ್ಲದಿದ್ದರೆ ಒಗೆಯುವಾಗ ಒಳಗೆ ನುಗ್ಗಿ ಕೂರುತ್ತೆ, ಪಿನ್ನಲ್ಲಿ ಎಳೆಯುವ ಗೋಳು ಲಂಗದಲ್ಲಿ ಅನುಭವಿಸಿದ್ದು ಸಾಕು. ಇನ್ನೆರಡು ತುದಿ ಕಾಲ್ದೆಸೆಯ ನಡುವೆ ಹೊರಗೆ ಬರಲಿ. ಜೇಬು ಎರಡನ್ನೂ ಮೂಲೆಗೆ ಹಾಕಿ, ಕಾಲ್ದೆಸೆಯಲ್ಲಿ ನಿಂತು ಎರಡು ಲಾಡಿ ಎಳೆದರೆ ಅಂಚು ಸುಕ್ಕುಗಟ್ಟಿ ಹಾಸಿಗೆಯ ಕೆಳಗೆ ಒಳಸರಿಯುತ್ತೆ. ಜಾರುಗಂಟು ಹಾಕಿ, ಗಂಟನ್ನು ಕೆಳಗೆ ತಳ್ಳಿ. ಮುಂದಿನ ಒಗೆತದವರೆಗೂ ಆ ಕಡೆ ತಲೆಹಾಕಬೇಕಾಗಿಲ್ಲ. ಬೆಳಿಗ್ಗೆ ತಲೆದೆಸೆಗೆ ಬಂದು ಖುಲ್ಲಾ ತುದಿಯನ್ನು ಎರಡು ಕೈಲಿ ಹಿಡಿದು ಒಂದು ಸಲ ಜೋರಾಗಿ ಎಳೆದರೆ ಸುಕ್ಕೆಲ್ಲ ಹೋಗಿ ತಮಟೆಯಂತೆ ಬಿಗಿಯುತ್ತೆ, ಕೆಳಗೆ ಸೇರಿಸಿದರೆ ಕೆಲಸ ಮುಗಿಯಿತು. ನಾಲ್ಕು ಕಡೆಯೂ ಎಲಾಸ್ಟಿಕ್ ಇದ್ದರೆ ಹೀಗೆ ಎಳೆಯಲು ಬಟ್ಟೆಯೇ ಸಿಗುವುದಿಲ್ಲ. ಅದಕ್ಕೇ ತಲೆದೆಸೆಗೆ ಒಂದಡಿ ಹೆಚ್ಚು ಬಿಟ್ಟಿದ್ದು. ಎಳೆಕೂಸಿನ ತೊಟ್ಟಿಲಿಗೆ, ಚಿಕ್ಕ ಮಂಚಕ್ಕೆ ಮಾತ್ರ ಲಾಡಿ ಬೇಡ, ಪಿನ್ನೂ ಬೇಡ. ಅಲ್ಲಿ ಸುತ್ತ ಎಲಾಸ್ಟಿಕ್ ಹಾಕಿ ಬಿಗಿಯಾಗಿ ಹೊಲಿದದ್ದೇ ಸರಿ.

ಹೊಲಿಗೆಯೇ ಬೇಡ ಅನ್ನುವವರಿಗೆ ಆಸ್ಪತ್ರೆ ಮಡಿಕೆ ಇದೆ. ಕೆ.ಆರ್. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಮ್ಮ ನೆರೆಯವರೊಬ್ಬರು ತೋರಿಸಿಕೊಟ್ಟದ್ದು. ಕಾಲ್ದೆಸೆಯ ಅಂಚನ್ನು ಮೊದಲು ಕೆಳಗೆ ಸೇರಿಸಿ. ಮೂಲೆಯಿಂದ ಒಂದಡಿ ದೂರದಲ್ಲಿ ಪಕ್ಕದ ಅಂಚನ್ನು ಹಿಡಿದೆತ್ತಿ ಹಾಸಿಗೆಯ ಮೇಲೆ ಮಲಗಿಸಿದರೆ ಒಂದು ತ್ರಿಕೋನ ಆಗುತ್ತೆ. ಮೂಲೆಯ ಕೆಳಗೆ ಇನ್ನೂ ಜೋಲುತ್ತಿರುವ ತುಂಡನ್ನು ಒಳಗೆ ತಳ್ಳಿ. ಆಮೇಲೆ ಎಡಗೈಲಿ ಮೂಲೆಯನ್ನು ಅದುಮಿಕೊಂಡು ಬಲಗೈಲಿ ತ್ರಿಕೋನವನ್ನು ಇಳಿಸಿ, ಅದನ್ನೂ ಒಳಗೆ ಸೇರಿಸಿ. ಬಟ್ಟೆ ಬಟ್ಟೆಯನ್ನೇ ಬಿಗಿಹಿಡಿಯುತ್ತೆ. ಕೆಳಗೆ ಹೋಗಲು ಐದಾರು ಇಂಚಾದರೂ ಇರಬೇಕು, ಇಲ್ಲದಿದ್ದರೆ ನರ್ಸಮ್ಮನೇ ಬಂದು ಮಡಿಚಿದರೂ ನಿಲ್ಲುವುದಿಲ್ಲ. ಮೂಲೆಗೆ ಸಿಕ್ಕಿಸುವ ಕ್ಲಿಪ್ಪಿನ ಪಟ್ಟಿಗಳೂ ಬಂದಿವೆ. ಹಗುರ ಹಾಸಿಗೆಗೆ ಪರವಾಗಿಲ್ಲ. ಭಾರದ್ದಾದರೆ ಎತ್ತಿ ಎತ್ತಿ ಸೊಂಟ ಹಿಡಿಯುತ್ತೆ, ಹಲ್ಲಿನ ಕ್ಲಿಪ್ಪು ಹಳೆ ಬಟ್ಟೆಯನ್ನು ಹರಿಯುತ್ತೆ.

ಶೀಟು ಸರಿಯಾಗಿದ್ದು ಹಾಸಿಗೆಯೇ ಸರಿಯುವುದೂ ಉಂಟು. ಪಾಲಿಶ್ ಹೊಡೆದ ಪ್ಲೈವುಡ್ ಮೇಲೆ ಹಾಸಿಗೆ ಕೂತಿದ್ದರೆ ಕೆಳಗೆ ರಬ್ಬರಿನ ಜಾಲರಿ ಮ್ಯಾಟಿನ ಎರಡು ತುಂಡು ಹಾಕಿ. ಮಂಡ್ಯದ ನಮ್ಮ ನಾದಿನಿ ಮನೆಯಂತೆ ದೊಡ್ಡ ಮಂಚದ ಮೇಲೆ ಮೂರು ಮೂರಡಿಯ ಎರಡು ಹಾಸಿಗೆ ಜೋಡಿಸಿದ್ದರೆ ಶೀಟು ಜಾರುವುದು ನಡುವಿನ ಸಂದಿಗೆ. ಎರಡೂ ಹಾಸಿಗೆಯ ಗವಸಿಗೆ ತಲೆ, ನಡು, ಕಾಲು ಮೂರು ಕಡೆ ಬಟ್ಟೆಯ ಪಟ್ಟಿ ಹೊಲಿದು ಒಂದಕ್ಕೊಂದು ಕಟ್ಟಿ, ಮೇಲೆ ಜಮಖಾನವನ್ನು ಅಡ್ಡಡ್ಡ ಹಾಸಿಬಿಟ್ಟರೆ ಸಂದಿ ಬಾಯಿ ಬಿಡುವುದಿಲ್ಲ.

ಇನ್ನೊಂದು, ನಮ್ಮಲ್ಲಿ ಮಂಚ ಅಂದರೆ ಬರೀ ಮಲಗುವ ಜಾಗ ಅಲ್ಲ. ಬಂದವರು ಕೂರುವುದು ಅಲ್ಲೇ, ಒಣಗಿದ ಬಟ್ಟೆ ಮಡಿಚುವುದು, ಹುಡುಗರು ಹೋಂವರ್ಕ್ ಬರೆಯುವುದು, ಅವರೆಕಾಯಿ ಕಾಲದಲ್ಲಿ ಸೊಗಡಿನ ರಾಶಿ ಹಾಕಿಕೊಂಡು ಸುಲಿಯುವುದೂ ಅಲ್ಲೇ. ಬಾಗಿಲ ಕಡೆಯ ಅಂಚು ದಿನಕ್ಕೆ ಹತ್ತು ಸಲ ಎಳೆದಾಡುತ್ತೆ. ಆ ಕಡೆ ಒಂದು ಅಗಲದ ಟವಲನ್ನೋ ಹಳೆ ಪಂಚೆಯನ್ನೋ ಹಗಲಲ್ಲಿ ಹಾಸಿಡಿ. ಕೊಳೆಯೂ ಅದಕ್ಕೆ, ಎಳೆತವೂ ಅದಕ್ಕೆ.

ಕಾಲ್ದೆಸೆಯ ಅಂಚಿನ ಒಳಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿಡಿ, ಯಾವ ಕಡೆ ಯಾವುದು ಅಂತ ಹುಡುಕುವುದು ತಪ್ಪುತ್ತೆ. ಮಷೀನಿಗೆ ಹಾಕುವ ಮುಂಚೆ ಲಾಡಿಯನ್ನು ಗಂಟು ಹಾಕಿ, ಇಲ್ಲದಿದ್ದರೆ ಅಂಗಿ ತೋಳಿಗೆಲ್ಲ ಸುತ್ತಿಕೊಳ್ಳುತ್ತೆ. ಜೇಬಿನ ಮೂಲೆಗಳಿಗೆ ಕರ್ಚೀಫು, ಕಾಲುಚೀಲ ಹೋಗಿ ಕೂತಿರುತ್ತೆ, ಹಿಂಡುವ ಮುಂಚೆ ಕೈ ಹಾಕಿ ನೋಡಿ. ಬೋರ್‌ವೆಲ್ ನೀರಿನವರು ಕೊನೆಯ ಜಾಲಾಟಕ್ಕೆ ಸೋಪು ಪೂರ್ತಿ ಬಿಡಿಸಿ, ಉಳಿದರೆ ಬಟ್ಟೆ ರಟ್ಟಿನಂತಾಗಿ ಮೂಲೆ ಕೂರುವುದಿಲ್ಲ.

ದಿಂಬಿನ ಗವಸಿಗೆ ಗುಂಡಿಯೂ ಬೇಡ, ಜಿಪ್ಪೂ ಬೇಡ. ಬಾಯಿಯ ಕಡೆ ಏಳೆಂಟು ಇಂಚು ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿಸಿದರೆ ದಿಂಬು ಹೊರಗೆ ಇಣುಕುವುದಿಲ್ಲ. ಒಣಗಿದ ಮೇಲೆ ಶೀಟನ್ನು ಮಡಿಚಿ ಅದರದೇ ಜೋಡಿ ಗವಸಿನೊಳಗೆ ತೂರಿಸಿ ಬೀರುವಿಗೆ ಇಡಿ. ನೆಂಟರು ಬಂದ ರಾತ್ರಿ ಕತ್ತಲಲ್ಲಿ ಕೈ ಹಾಕಿದರೂ ಒಂದು ಹಾಸಿಗೆಯ ಎಲ್ಲಾ ಸಾಮಾನು ಒಟ್ಟಿಗೆ ಬರುತ್ತೆ.