ಮೆನು ಮಾಡುವ ಮುಂಚೆ ಕೌಂಟರ್ ಪಕ್ಕ ಕೂತೆ

ಶಿರಸಿ ಕಡೆಯ ಒಂದು ಸೇವಾ ಸಹಕಾರಿ ಸಂಘದ ವೆಬ್‌ಸೈಟನ್ನು ಹೊಸದಾಗಿ ಮಾಡಿಕೊಡುವ ಕೆಲಸ ಬಂದಿತ್ತು. ಹಳೆಯ ಮೆನು ನೀವೆಲ್ಲ ನೋಡಿರುವಂಥದ್ದೇ: ಮುಖಪುಟ, ನಮ್ಮ ಬಗ್ಗೆ, ಆಡಳಿತ ಮಂಡಳಿ, ವಿಭಾಗಗಳು, ಗ್ಯಾಲರಿ, ಡೌನ್‌ಲೋಡ್, ಸಂಪರ್ಕ. ಅಡಿಕೆ ಧಾರಣೆ ಬೇಕಾದರೆ "ವಿಭಾಗಗಳು" ಒತ್ತಿ, ಅದರೊಳಗೆ "ವ್ಯಾಪಾರ ವಿಭಾಗ"ಕ್ಕೆ ಹೋಗಿ, ಅಲ್ಲಿರುವ ಪಿಡಿಎಫ್ ಇಳಿಸಿಕೊಳ್ಳಬೇಕು. ತೋಟದಲ್ಲಿ ನಿಂತು ಒಂದೇ ಕೈಯಲ್ಲಿ ಮೊಬೈಲ್ ಹಿಡಿದವರು ಅಷ್ಟೆಲ್ಲ ಮಾಡುತ್ತಾರಾ? ಸೀದಾ ಸಂಘಕ್ಕೆ ಫೋನ್ ಮಾಡುತ್ತಾರೆ.

ಹಾಗಾಗಿ ಕಂಪ್ಯೂಟರ್ ಮುಟ್ಟುವ ಮೊದಲು ಸಂಘದ ಕೌಂಟರ್ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂತೆ. ಜನ ಕೇಳಿದ್ದನ್ನು ಅವರದೇ ಮಾತಲ್ಲಿ ಬರೆದುಕೊಂಡೆ. "ಇವತ್ತು ರಾಶಿಗೆ ಎಷ್ಟು?" (ರಾಶಿ ಅಂದರೆ ಅಡಿಕೆಯ ಒಂದು ಬಗೆ.) "ಮೈಲುತುತ್ತ ಬಂತಾ?" (ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಕ್ಕೆ ಬೇಕಾದದ್ದು.) "ಬೆಳೆ ವಿಮೆಗೆ ಕೊನೇ ದಿನ ಯಾವತ್ತು?" "ಬೆಳೆಸಾಲದ ಬಾಕಿ ಎಷ್ಟಿದೆ ನೋಡಿ." ಗ್ಯಾಲರಿ ಬಗ್ಗೆ ಯಾರೂ ಕೇಳಲಿಲ್ಲ.

ಒಂದೊಂದು ಪ್ರಶ್ನೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಬಂದ ಸದಸ್ಯರ ಮುಂದೆ ಮೇಜಿನ ಮೇಲೆ ಹರಡಿ, "ಯಾವುದರ ಜತೆ ಯಾವುದು ಸೇರುತ್ತೆ, ನೀವೇ ಗುಂಪು ಮಾಡಿ" ಅಂದೆ. ಕಾರ್ಡ್ ಸಾರ್ಟಿಂಗ್ ಅನ್ನುವುದು ಇದಕ್ಕೇ. ಸಂಘದ ಲೆಕ್ಕದಲ್ಲಿ ಮೈಲುತುತ್ತ ಮಾರಾಟ ವಿಭಾಗದ್ದು, ಬೆಳೆ ವಿಮೆ ಸಾಲ ವಿಭಾಗದ್ದು. ಸದಸ್ಯರು ಎರಡನ್ನೂ ಒಂದೇ ಕಡೆ ಇಟ್ಟರು. ಅವರಿಗೆ ಎರಡೂ ಮಳೆಗಾಲದ ಹೊತ್ತಿಗೆ ತೋಟಕ್ಕಾಗಿ ಮುಗಿಸಬೇಕಾದ ಕೆಲಸ, ಅಷ್ಟೇ. ಸಂಘದೊಳಗಿನ ಟೇಬಲ್‌ಗಳ ಲೆಕ್ಕದಲ್ಲಿ ಮೆನು ಮಾಡಿದರೆ ಇದು ಎಂದಿಗೂ ಕಾಣುವುದಿಲ್ಲ.

ಕೊನೆಗೆ ಐದೇ ಬಾಬತ್ತು ಉಳಿಸಿದೆ: ಧಾರಣೆ, ಸಾಲ, ಠೇವಣಿ, ತೋಟಕ್ಕೆ, ನಮ್ಮ ಸಂಘ. ಆಡಳಿತ ಮಂಡಳಿ, ಫೋಟೊಗಳೆಲ್ಲ ಕೊನೆಯದರ ಒಳಗೆ ಹೋದವು. ಆಡಳಿತ ಮಂಡಳಿ ಮೇಲೇ ಇರಲಿ ಅಂತ ಸಂಘದವರಿಂದ ಒತ್ತಾಯ ಬಂತು. ನಾನು ವಾದ ಮಾಡಲಿಲ್ಲ, ನೋಟ್‌ಬುಕ್ ತೋರಿಸಿದೆ. ಒಪ್ಪಿಕೊಂಡರು. ಆಮೇಲೆ ಆ ಐದು ಪದಗಳನ್ನು ಸುಮ್ನೆ ಒಂದು ಹಾಳೆಯಲ್ಲಿ ಬರೆದು, "ಠೇವಣಿಗೆ ಬಡ್ಡಿ ಎಷ್ಟು ಅಂತ ನೋಡಬೇಕು, ಯಾವುದನ್ನು ಒತ್ತುತ್ತೀರಿ?" ಅಂತ ಒಬ್ಬೊಬ್ಬರನ್ನೇ ಕೇಳಿದೆ. ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ಹೆಸರು ಸರಿಯಿಲ್ಲ. ಬಣ್ಣ, ಡಿಸೈನ್ ಎಲ್ಲ ಅದಾದ ಮೇಲೆ.

ಮೊಬೈಲ್‌ನಲ್ಲಿ ಎಲ್ಲವನ್ನೂ ಮೂರು ಗೆರೆಯ ಚಿಹ್ನೆಯೊಳಗೆ ತುಂಬಲಿಲ್ಲ. ಆ ಚಿಹ್ನೆ 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್ ಕಾಲದ್ದು. ಹಾಗಂತ ಎಲ್ಲರಿಗೂ ಅದರ ಪರಿಚಯ ಇರುತ್ತದಾ? ಧಾರಣೆ, ಸಾಲ ಎರಡನ್ನೂ ಯಾವಾಗಲೂ ಕಾಣುವ ಹಾಗೆ ಹೊರಗಿಟ್ಟೆ, ಗೆರೆಗಳ ಪಕ್ಕ "ಮೆನು" ಅಂತ ಬರೆದೆ. ಒಳಮೆನು ಮೌಸ್ ಹೋದಾಗ ತೆರೆಯುವುದಲ್ಲ, ಒತ್ತಿದಾಗ ತೆರೆಯುವುದು. ಬೆರಳಿಗೆ ಹೋವರ್ ಎಲ್ಲಿಂದ ಬರಬೇಕು? ಅದು ನಿಜವಾದ ಬಟನ್ ಆಗಿರಲಿ, ಕೋಡ್‌ನಲ್ಲಿ ಅದಕ್ಕೆ ಏರಿಯಾ-ಎಕ್ಸ್‌ಪ್ಯಾಂಡೆಡ್ (aria-expanded) ಅನ್ನುವ ಗುರುತು ಹಾಕಿ. ಆಗ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಮೆನು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗುತ್ತದೆ. ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರಬೇಕು ಅಂತ ಮಾಡಿರುವ ಮಾರ್ಗಸೂಚಿ, 2023ರ ಡಬ್ಲ್ಯುಸಿಎಜಿ (WCAG) 2.2ರಲ್ಲಿ ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಅಂತಿದೆ. ಕೆಲಸ ಮಾಡಿ ಒರಟಾದ ಬೆರಳಿಗೆ ಅದು ಸಾಲದು, ನಾನು 48 ಇಟ್ಟೆ.

ಕನ್ನಡಕ್ಕೇ ಬೇಕಾದ ಇನ್ನೊಂದು ಎಚ್ಚರಿಕೆ. ಇಂಗ್ಲಿಷ್‌ಗೆ ಮಾಡಿದ ರೆಡಿಮೇಡ್ ಥೀಮ್‌ಗಳಲ್ಲಿ ಸಾಲಿನ ಎತ್ತರ ಕಡಿಮೆ, ಮೆನು ಪಟ್ಟಿಯ ಎತ್ತರವೂ ಬಿಗಿ. "ಮೈಲುತುತ್ತ" ಅಂತ ಹಾಕಿದೆ, ಕೊನೆಯ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಯಿತು. ಲೈನ್-ಹೈಟ್ 1.6 ಮಾಡಿ, ಎತ್ತರ ಕಟ್ಟಿಹಾಕಿದ್ದನ್ನು ತೆಗೆದುಹಾಕಿದ ಮೇಲೆ ಸರಿಹೋಯಿತು.

ಹುಡುಕುವ ಪೆಟ್ಟಿಗೆಯಲ್ಲಿ ಜನ ಏನು ಟೈಪ್ ಮಾಡುತ್ತಾರೆ ಅಂತ ಈಗಲೂ ಆಗಾಗ ನೋಡುತ್ತಿರುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರೇ ಜಾಸ್ತಿ, ಅದಕ್ಕೂ ಉತ್ತರ ಸಿಗುವ ಹಾಗೆ ಮಾಡಿದ್ದೇನೆ. ಒಂದೇ ಪದ ಮತ್ತೆ ಮತ್ತೆ ಬಂದರೆ ಅದು ಮೆನುವಿನಲ್ಲಿ ಸಿಗುತ್ತಿಲ್ಲ ಅಂತಲೇ ಲೆಕ್ಕ. ಕಳೆದ ಸಲ ಹಾಗೆ ಕಂಡದ್ದು "ನಾಮಿನಿ". ಅದನ್ನು ಠೇವಣಿಯ ಕೆಳಗೆ ಸೇರಿಸಿದೆ.