ಎರಡನೇ ಡಿಲೇ ಪೆಡಲ್ ಯಾಕೆ ತಗೊಂಡೆ

ನಾನು ಮಂಡ್ಯ ಕಡೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸ್ತೀನಿ, ಗಣಪತಿ, ರಾಜ್ಯೋತ್ಸವ, ಊರಬ್ಬ ಅಂತ, ಮಿಕ್ಕಿದ್ ದಿನ ಮೈಸೂರಲ್ಲಿ ಹುಡುಗರಿಗೆ ಕ್ಲಾಸ್. ನನ್ನ ಸ್ಟೂಡೆಂಟ್ಸು ಡಿಲೇ ಪೆಡಲ್ (ನುಡಿಸಿದ್ದನ್ನ ಸ್ವಲ್ಪ ತಡವಾಗಿ ಎಕೋ ಥರ ಮತ್ತೆ ಕೇಳಿಸೋ, ಕಾಲಲ್ಲಿ ಒತ್ತೋ ಪೆಟ್ಗೆ) ಅನಲಾಗ್ ತಗೊಳ್ಳೋದಾ ಡಿಜಿಟಲ್ ತಗೊಳ್ಳೋದಾ ಅಂತ ತಲೆ ತಿಂತಾರೆ, ನಾನೂ ಹಂಗೇ ಇದ್ದೆ, ತಿಂಗಳುಗಟ್ಟಲೆ ವಿಡಿಯೋ ನೋಡಿ ಕೊನೆಗೆ ಅನಲಾಗ್ ಅಂತ ಹೇಳಿ ಮಾರ್ತಿದ್ದ ಒಂದು ಚಿಕ್ಕ ಪೆಡಲ್ನ ಸೆಕೆಂಡ್ ಹ್ಯಾಂಡ್ ಎರಡೂವರೆ ಸಾವಿರಕ್ಕೆ ತಗೊಂಡೆ.

ಮನೇಲಿ ಸೂಪರ್ ಇತ್ತು. ರೂಮಲ್ಲಿ ಲೈಟ್ ಆಫ್ ಮಾಡ್ಕೊಂಡು ಮಿಕ್ಸ್ ನಾಬ್ (ಎಕೋ ಎಷ್ಟು ಜೋರು ಅನ್ನೋದು) ಅರ್ಧಕ್ಕಿಟ್ಟು ಒಂದ್ ತಂತಿ ಮೀಟಿದ್ರೆ ಅದೇ ಪಾಡಿಗೆ ತೇಲ್ಕೊಂಡ್ ಹೋಗದು. ಆಮೇಲೆ ಪಾಂಡವಪುರದ ಹತ್ರ ಒಂದು ಸ್ಕೂಲ್ ಫೀಲ್ಡಲ್ಲಿ ಪ್ರೋಗ್ರಾಂ, ಅದೇ ಸೆಟ್ಟಿಂಗಲ್ಲಿ ಹೋಗಿ ನಿಂತೆ. ಎರಡನೇ ಹಾಡಿಗೇ ಡ್ರಮ್ಮರ್ ಅಣ್ಣ ತಿರುಗಿ, ‘ಲೋ, ನೀ ನುಡಿಸ್ತಿದ್ಯೋ ನಿನ್ ಪೆಟ್ಗೆ ನುಡಿಸ್ತಿದ್ಯೋ, ನಾ ಯಾರ್ ಹಿಂದೆ ಓಡ್ಲಿ ಹೇಳು’ ಅಂದ್ರು.

ಏನಾಗಿತ್ತು ಅಂದ್ರೆ, ಎದುರುಗಡೆ ಸ್ಕೂಲ್ ಬಿಲ್ಡಿಂಗ್ ಸುಮಾರು 50 ಮೀಟರ್ ದೂರ. ಶಬ್ದ ಹೋಗಿ ಬರೋಕೆ 100 ಮೀಟರ್, ಸೆಕೆಂಡಿಗೆ 340 ಮೀಟರ್ ಲೆಕ್ಕ ಹಿಡಿದ್ರೆ ಹತ್ತಿರತ್ರ 290 ಮಿಲಿಸೆಕೆಂಡ್. ಅಂದ್ರೆ ಆ ಗೋಡೇನೇ ಪುಕ್ಕಟೆ ಒಂದು ಡಿಲೇ ಕೊಡ್ತಿತ್ತು. ಅದರ ಮೇಲೆ ಸೌಂಡ್‌ನವ್ರು ಹಾಡೋರ ಮೈಕಿಗೆ ಎಕೋ ಬಿಟ್ಟಿದ್ರು, ಅದರ ಮೇಲೆ ನಂದು. ಮೂರೂ ಮೂರು ಟೈಮಿಂಗ್. ಗದ್ದೆ ಕೆಸರು. ಈಗ ಬಯಲಲ್ಲಿ ಆಡೋವಾಗ ಮಿಕ್ಸ್ ನಾಬ್ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆ ದಾಟ್ಸಲ್ಲ, ಫೀಡ್‌ಬ್ಯಾಕು (ಎಕೋ ಎಷ್ಟು ಸಲ ಬರತ್ತೆ ಅನ್ನೋ ನಾಬ್) ಎರಡ್ ಮೂರ್ ಸಲ ಕೇಳಿ ಸಾಯೋ ಅಷ್ಟೇ.

ಇನ್ನು ಆ ಅನಲಾಗ್ ಅನ್ನೋ ಮಾತು. ನಿಜವಾದ ಅನಲಾಗ್ ಡಿಲೇಲಿ ಬಕೆಟ್ ಬ್ರಿಗೇಡ್ ಅನ್ನೋ ಚಿಪ್ ಇರತ್ತೆ, 1969ರಲ್ಲಿ ಫಿಲಿಪ್ಸ್‌ನವ್ರು ಕಂಡುಹಿಡಿದಿದ್ದು. ಮನೆ ಮೋಲ್ಡ್ ಹಾಕೋವಾಗ ಕಾಂಕ್ರೀಟ್ ಬಾಂಡ್ಲಿನ ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಂಗೇ ಸಿಗ್ನಲ್ಲು ಒಂದು ಕೆಪಾಸಿಟರಿಂದ (ಚಾರ್ಜ್ ಹಿಡಿದಿಡೋ ಭಾಗ) ಇನ್ನೊಂದಕ್ಕೆ ದಾಟ್ಕೊಂಡ್ ಹೋಗತ್ತೆ, ಸಾವಿರಾರು ಕೈ. ದಾಟಿದಷ್ಟೂ ಒಂದ್ ಚೂರು ಚೆಲ್ಲತ್ತೆ, ಸುತ್ತ ಇರೋ ಫಿಲ್ಟರ್‌ಗಳೂ ಚೂಪು ಸೌಂಡ್ ಕತ್ತರಿಸ್ತಾವೆ, ಅದಕ್ಕೇ ರಿಪೀಟ್ಸ್ (ಮತ್ತೆ ಮತ್ತೆ ಬರೋ ಎಕೋ) ಮಂದ ಆಗ್ತಾ ಹೋಗೋದು, ಮೇನ್ ನೋಟಿಗೆ ಅಡ್ಡ ಬರಲ್ಲ, ಕಿವಿಗೆ ಹಿತ. ನನ್ ಪೆಡಲ್ ಬಿಚ್ಚಿ ನೋಡಿದ್ರೆ ಒಳಗಿದ್ದಿದ್ದು ಪಿಟಿ2399, ಕ್ಯಾರಿಯೋಕೆ ಮೈಕ್‌ಗಳ ಎಕೋಗೆ ಅಂತ ಮಾಡಿರೋ ಚಿಪ್ಪು, ಅದು ಕೆಲಸ ಮಾಡೋದೇ ಡಿಜಿಟಲ್ಲಾಗಿ! ಮೋಸ ಅನ್ನಲ್ಲ, ಸೌಂಡ್ ಚೆನ್ನಾಗೇ ಇದೆ, ಆದ್ರೆ ಟೈಮ್ ಜಾಸ್ತಿ ಮಾಡ್ದಷ್ಟೂ ಹಿಂದೆ ಸೊಂಯ್ ಅನ್ನೋ ಗಲೀಜು ಬರತ್ತೆ.

ಬಿಚ್ಚಿದ್ದು ಯಾಕೆ ಅಂತಾನೂ ಹೇಳ್ಬಿಡ್ತೀನಿ, ಮರ್ಯಾದೆ ಹೋದ್ರೂ ಪರ್ವಾಗಿಲ್ಲ. ಒಂದಿನ ಅಡಾಪ್ಟರ್ ಮರ್ತು ಹೋಗಿದ್ದೆ, ಕೀಬೋರ್ಡ್‌ದು ಒಂದು ಬಿದ್ದಿತ್ತು, ಪಿನ್ ಸರಿಯಾಗ್ ಕೂತ್ಕೊಳ್ತು, ಚುಚ್ಚಿದೆ, ಸತ್ತೋಯ್ತು. ಈ ಪೆಡಲ್‌ಗಳಿಗೆಲ್ಲ ಸಾಮಾನ್ಯವಾಗಿ 9 ವೋಲ್ಟು, ಮಧ್ಯದ ಪಿನ್ ನೆಗೆಟಿವ್. ನಾನು ಚುಚ್ಚಿದ್ದು 12 ವೋಲ್ಟು, ಮಧ್ಯ ಪಾಸಿಟಿವ್. ಪುಣ್ಯಕ್ಕೆ ಉಲ್ಟಾ ಕರೆಂಟಿಂದ ಕಾಪಾಡೋ ಪ್ರೊಟೆಕ್ಷನ್ ಡಯೋಡ್ ಒಂದೇ ಹೋಗಿತ್ತು, ರೇಡಿಯೋ ರಿಪೇರಿ ಮಾಡೋ ಯಜಮಾನ್ರು ಬೇರೆ ಹಾಕಿಕೊಟ್ಟು 50 ರೂಪಾಯಿ ತಗೊಂಡ್ರು, ಬುದ್ಧಿ ಮಾತು ಫ್ರೀ.

ಆದ್ರೆ ಅದನ್ನ ಸ್ಟೇಜಲ್ಲಿ ಮೇನ್ ಡಿಲೇ ಆಗಿ ಬಳಸೋದು ನಿಲ್ಲಿಸಿದ್ದಕ್ಕೆ ಕಾರಣ ಚಿಪ್ಪೂ ಅಲ್ಲ, ಸುಟ್ಟಿದ್ದೂ ಅಲ್ಲ, ಟ್ಯಾಪ್, ಅಂದ್ರೆ ತಾಳಕ್ಕೆ ತುಳಿದು ಡಿಲೇ ಟೈಮ್ ಸೆಟ್ ಮಾಡೋ ಸೌಕರ್ಯ, ಇಲ್ದೆ ಇದ್ದಿದ್ದು. ಹಾಡಿನ ವೇಗಕ್ಕೆ ಡಿಲೇ ಹೊಂದಿಸೋ ಲೆಕ್ಕ ಸುಲಭ: 60000ನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದು) ಭಾಗಿಸಿದ್ರೆ ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗತ್ತೆ, 120ಕ್ಕೆ 500. ಅದರ ಮುಕ್ಕಾಲು ಭಾಗ 375, ಇದೇ ಡಾಟೆಡ್ ಎಯ್ತ್, ಯು2 ಬ್ಯಾಂಡಿನ ಗಿಟಾರಿಸ್ಟ್ ದಿ ಎಡ್ಜ್ ಇದರಿಂದಾನೇ ಹೆಸರಾಗಿರೋದು, ನೀವು ನೆಟ್ಟಗೆ ಬೀಟಿಗೆ ಎರಡರಂತೆ ಎಯ್ತ್ ನೋಟ್ಸ್ ನುಡಿಸ್ತಾ ಹೋದ್ರೆ ಮಧ್ಯದ ಸಂದಿಗಳನ್ನ ಪೆಡಲ್ಲು ತುಂಬ್ತಾ ಹೋಗತ್ತೆ. ಮನೇಲಿ ಇದೆಲ್ಲ ಬುಕ್ಕಲ್ಲಿ ಬರ್ಕೊಂಡೆ. ಆದ್ರೆ ನಮ್ ಡ್ರಮ್ಮರ್ ಅಣ್ಣ ಕಿವೀಲಿ ಕ್ಲಿಕ್ (ಒಂದೇ ವೇಗದ ಟಿಕ್ ಟಿಕ್) ಕೇಳ್ಕೊಂಡ್ ಬಾರಿಸೋರಲ್ಲ, ಮುಂದುಗಡೆ ಹುಡುಗ್ರು ಕುಣಿಯಕ್ ಶುರು ಮಾಡಿದ್ರೆ 120 ಇದ್ದಿದ್ದು 128 ಆಗೋಗತ್ತೆ, ಆಗ 375 ಇದ್ದಿದ್ದು 352 ಆಗ್ಬೇಕು, ಬಗ್ಗಿ ನಾಬ್ ತಿರುಗಿಸ್ತಾ ಕೂರಕ್ಕಾಗತ್ತಾ?

ಹಂಗಾಗಿ ದುಡ್ಡು ಕೂಡಿಸಿ ಬಾಸ್ ಕಂಪನಿಯ ಹಳೇ ಡಿಡಿ-7 ಅನ್ನೋ ಡಿಜಿಟಲ್ ಡಿಲೇ ತಗೊಂಡೆ. 6.4 ಸೆಕೆಂಡ್ ತನಕ ಡಿಲೇ ಇದೆ, ನಾನು 800 ಮಿಲಿಸೆಕೆಂಡ್ ದಾಟಿದ್ದೇ ಇಲ್ಲ. ಹೊರಗಿಂದ ಒಂದು ಫುಟ್‌ಸ್ವಿಚ್ ಹಾಕ್ಕೊಂಡ್ರೆ ತಾಳಕ್ಕೆ ಸರಿಯಾಗಿ ತುಳಿದು ಟೈಮ್ ಸೆಟ್ ಮಾಡ್ಬಹುದು, ಸ್ವಿಚ್ ತಗೊಳ್ಳೋವಾಗ ಒತ್ತಿ ಬಿಟ್ರೆ ವಾಪಸ್ ಬರೋ ಥರದ್ದು ಕೇಳಿ ತಗೊಳ್ಳಿ, ಒತ್ತಿದ್ ಕಡೆ ನಿಲ್ಲೋದು ಬೇಡ. ಅದರಲ್ಲಿರೋ ಅನಲಾಗ್ ಮೋಡ್ ಹಾಕಿದ್ರೆ ರಿಪೀಟ್ಸೂ ಮಂದ ಆಗತ್ತೆ, ಡ್ರಮ್ಸ್ ಗಲಾಟೆ ಮಧ್ಯ ಅಸಲಿ ಯಾವ್ದು ನಕಲಿ ಯಾವ್ದು ಯಾರಿಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ.

ಡಿಲೇ ಜೋಡಿಸೋದು ಡಿಸ್ಟಾರ್ಶನ್ (ಗಿಟಾರ್ ಸೌಂಡನ್ನ ಒರಟು ಮಾಡೋ) ಪೆಡಲ್ ಆದ್ಮೇಲೇ. ಮೊದಲು ಹಾಕಿ ನೋಡಿದ್ದೀನಿ, ರಿಪೀಟ್‌ಗಳೂ ಸೇರಿ ಹರಿದು ಮುದ್ದೆ ಆಗತ್ತೆ. ಒರಟು ಸೌಂಡಿಗೆ ಆಂಪಿನ ಗೇನನ್ನೇ ನಂಬ್ಕೊಂಡಿರೋರು ಅದರ ಎಫೆಕ್ಟ್ಸ್ ಲೂಪಲ್ಲಿ (ಗೇನ್ ಆದ್ಮೇಲೆ ಪೆಡಲ್ ಸೇರಿಸೋ ಆಂಪಿನ ಜಾಕ್) ಹಾಕ್ಕೊಳ್ಳಿ.

ಮೊದಲನೇ ಪೆಡಲ್ ಮಾರಿಲ್ಲ. ಪೆಡಲ್ ಬೋರ್ಡಿನ ಮೂಲೇಲಿ ಸುಮಾರು 110 ಮಿಲಿಸೆಕೆಂಡಿಗೆ ಇಟ್ಟು ಫೀಡ್‌ಬ್ಯಾಕ್ ಪೂರ್ತಿ ಇಳಿಸಿದೀನಿ, ಹಳೇ ರಾಕ್ ಅಂಡ್ ರೋಲ್ ಥರದ ಹಾಡು ಬಂದ್ರೆ ಆ ಒಂದೇ ಏಟಿನ ಸ್ಲ್ಯಾಪ್‌ಬ್ಯಾಕ್‌ಗೆ ಅದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ. ನಾಬ್ ಪಕ್ಕ ವೈಟ್ನರ್ ಹಚ್ಚಿ ಗುರುತು ಮಾಡಿದ್ದೆ, ಕೈ ತಾಗಿ ತಾಗಿ ಅಳಿಸೋಗಿದೆ, ಗಣಪತಿ ಸೀಸನ್ ಒಳಗೆ ಇನ್ನೊಂದ್ಸಲ ಹಚ್ಬೇಕು.