ಓಟಿಜಿ ಬಾಗಿಲು ಜೋತು ಬಿದ್ದಿದೆಯಾ? ಸ್ಪ್ರಿಂಗ್ ನೀವೇ ಹಾಕಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನ್‌ಕಟಾಯಿ ಟ್ರೇ ಒಳಗಿಡುವ ಹೊತ್ತಿಗೆ 'ಟಪ್' ಅಂತ ಸದ್ದಾಯಿತು, ಓಟಿಜಿ (ಒವನ್-ಟೋಸ್ಟರ್-ಗ್ರಿಲ್ಲರ್) ಬಾಗಿಲು ಜೋತು ಬಿತ್ತು. ಎತ್ತಿ ಮುಚ್ಚಿದರೂ ಬೆರಳಗಲ ಬಾಯಿ ಬಿಡುತ್ತಿತ್ತು. ರಿಪೇರಿಯವರು ದೂರದಿಂದಲೇ ನೋಡಿ "ನವಾ ಘ್ಯಾ" (ಹೊಸದು ತಗೊಳ್ಳಿ) ಅಂದರು. ಬಾಗಿಲು ಎಳೆದು ಹಿಡಿಯುವ ಒಂದು ಸ್ಪ್ರಿಂಗ್ ಮುರಿದದ್ದಕ್ಕೆ ಹೊಸ ಒವನ್ನಾ?

ಮೊದಲೇ ಹೇಳಿಬಿಡುತ್ತೇನೆ, ಇದು ಓಟಿಜಿಗೆ ಮಾತ್ರ. ಮೈಕ್ರೋವೇವ್ ಬಿಚ್ಚಬೇಡಿ. ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಪ್ಲಗ್ ಕಿತ್ತು, ಪೂರ್ತಿ ಆರಲು ಬಿಡಿ. ಜಾಲರಿ, ಟ್ರೇ ಹೊರಗಿಡಿ. ಹಿಂದೆ ಮತ್ತು ಕೆಳಗಿರುವ ಸ್ಕ್ರೂಗಳನ್ನು ಬಿಚ್ಚಿದರೆ ಹೊರಗಿನ ತಗಡು ಕಳಚುತ್ತದೆ. ಅದರ ಅಂಚು ಬ್ಲೇಡಿನಂತೆ ಇರುತ್ತದೆ, ಕೈಗವಸು ಹಾಕಿಕೊಳ್ಳಿ. ಹಳದಿ-ಹಸಿರು ಅರ್ಥ್ ತಂತಿ ತಗಡಿಗೆ ಸೇರಿದ್ದರೆ ಎಲ್ಲಿ ಕೂತಿತ್ತು ಅಂತ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಬಾಗಿಲಿನ ಬುಡ ನೋಡಿ. ಬಾಗಿಲಿನಿಂದ ಒಳಕ್ಕೆ ಹೋದ ಪಟ್ಟಿಗೆ ಸ್ಪ್ರಿಂಗಿನ ಒಂದು ಕೊಕ್ಕೆ, ಒವನ್ ಮೈಯ ತೂತಿಗೆ ಇನ್ನೊಂದು. ಸಾಮಾನ್ಯವಾಗಿ ಮುರಿಯುವುದು ಈ ಕೊಕ್ಕೆಯೇ, ಬಾಗಿಲು ತೆಗೆದಾಗಲೆಲ್ಲ ಅದು ಬಾಗುವ ಜಾಗ ಅದೇ ಅಲ್ವಾ. ತುದಿಯ ಒಂದು ಸುರುಳಿಯನ್ನು ಇಕ್ಕಳದಲ್ಲಿ ನಿಧಾನಕ್ಕೆ ಎಬ್ಬಿಸಿ ಹೊಸ ಕೊಕ್ಕೆ ಮಾಡಬಹುದು, ಆದರೆ ಸ್ಪ್ರಿಂಗ್ ಗಿಡ್ಡವಾಗಿ ಬಾಗಿಲು ಬಿಗಿಯಾಗುತ್ತದೆ. ಬಾಗಲಿ ಅಂತ ಗ್ಯಾಸಿನ ಮೇಲೆ ಮಾತ್ರ ಕಾಯಿಸಬೇಡಿ. ಹದ ಹೋಗಿ ಅದು ಸುಮ್ನೆ ತಂತಿಯಾಗಿಬಿಡುತ್ತದೆ.

ಹೊಸದೇ ಬೇಕೆಂದರೆ ಮುರಿದ ತುಂಡುಗಳನ್ನು ಎಸೆಯದೆ ಜೇಬಿಗೆ ಹಾಕಿಕೊಂಡು ಸ್ಲೋ ಲೋಕಲ್ ರೈಲು ಹತ್ತಿ, ಮಸ್ಜಿದ್ ಸ್ಟೇಷನ್‌ನಲ್ಲಿ ಇಳಿದು, ಕೈಗಾಡಿಗಳ ನಡುವೆ ನುಸುಳಿ ಹಾರ್ಡ್‌ವೇರ್ ಅಂಗಡಿಗಳ ನಾಗದೇವಿ ಸ್ಟ್ರೀಟಿಗೆ ಹೋಗಿ. ಒವನ್‌ನ ಇನ್ನೊಂದು ಬದಿಯಲ್ಲಿ ಮುರಿಯದ ಸ್ಪ್ರಿಂಗ್ ಇದ್ದರೆ ಅದೇ ಒಳ್ಳೆಯ ಮಾದರಿ. ತಂತಿಯ ದಪ್ಪ, ಸುರುಳಿಯ ಅಗಲ, ಎಳೆಯದೆ ಇಟ್ಟಾಗಿನ ಉದ್ದ, ಈ ಮೂರೂ ಹೊಂದಬೇಕು. ಉದ್ದ ಮಾತ್ರ ನೋಡಿ ದಪ್ಪ ತಂತಿಯದ್ದು ತಂದು ನಾನು ಎರಡು ಸಲ ಓಡಾಡಿದೆ. ಬಾಗಿಲು ಇಲಿ ಬೋನಿನ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಸ್ಟೇನ್‌ಲೆಸ್ ಕೇಳಿ. ಒವನ್ 250 ಡಿಗ್ರಿಯವರೆಗೆ ಕಾಯುತ್ತದೆ, ಪಕ್ಕದ ಸಂದು ಅಷ್ಟಲ್ಲದಿದ್ದರೂ ಬಿಸಿಯೇ, ಮಾಮೂಲಿ ಉಕ್ಕು ಬೇಗ ಸಡಿಲವಾಗುತ್ತದೆ. ಮೇಲೆ ಮುಂಬೈ ಮಳೆಗಾಲದ ತುಕ್ಕು ಬೇರೆ. ಎರಡು ಸ್ಪ್ರಿಂಗಿನ ಒವನ್ ಆದರೆ ಎರಡನ್ನೂ ಬದಲಿಸಿ, ಇಲ್ಲವಾದರೆ ಬಾಗಿಲು ಒಂದು ಬದಿಗೆ ಎಳೆಯುತ್ತದೆ.

ಸ್ಪ್ರಿಂಗಿನ ಎಣ್ಣೆಯನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒರೆಸಿ. ಬಾಗಿಲು ಮುಚ್ಚಿಕೊಂಡೇ ಹಾಕಿ, ಆಗ ಎಳೆತ ಕಡಿಮೆ. ಒಂದು ಕೊಕ್ಕೆ ತೂತಿಗೆ ಸಿಕ್ಕಿಸಿ, ಇನ್ನೊಂದಕ್ಕೆ ಗಟ್ಟಿ ದಾರ ಕಟ್ಟಿ ಎಳೆದು ಪಟ್ಟಿಗೆ ಕೂರಿಸಿ, ದಾರ ಕತ್ತರಿಸಿ. ಇಕ್ಕಳದಲ್ಲಿ ಹಿಡಿದೆಳೆದರೆ ಜಾರಿ ಮುಖಕ್ಕೆ ಹಾರುತ್ತದೆ, ಕನ್ನಡಕ ಇರಲಿ. ಬಾಗಿಲು ತೆಗೆದು ಮುಚ್ಚಿ ನೋಡಿ, ಸ್ಪ್ರಿಂಗ್ ಯಾವ ವಯರಿಗೂ ಉಜ್ಜಬಾರದು.

ಅರ್ಥ್ ತಂತಿ, ತಗಡು, ಎಲ್ಲ ಸ್ಕ್ರೂ ಹಾಕಿದ ಮೇಲೆಯೇ ಪ್ಲಗ್. ಅದಕ್ಕೂ ಮುಂಚೆ ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆಯಿರಿ, ಸ್ವಲ್ಪ ಹಿಡಿದುಕೊಂಡರೆ ಸರಿ. ಮೊದಲ ಹತ್ತು ನಿಮಿಷ ಖಾಲಿ ಒವನ್ ಕಾಯಿಸಿ, ಕಿಟಕಿ ತೆರೆದಿಡಿ. ಉಳಿದ ಎಣ್ಣೆಯ ಕಮಟು ಹೋದ ಮೇಲೆ ನಾನ್‌ಕಟಾಯಿ ಇಡಿ.